ಬಿಷಪ್: ಪದವಿಯೊಳಗೆ ಅಡಗಿದ ಕೆಲಸ

ಇಂಗ್ಲಿಷಿನಲ್ಲಿ ‘ಬಿಷಪ್’, ಫ್ರೆಂಚಿನಲ್ಲಿ ‘ಎವೆಕ್’. ಎರಡೂ ಚರ್ಚಿನ ಒಂದೇ ಪದವಿಯ ಹೆಸರುಗಳು. ರೋಮನ್ ಲಿಪಿಯಲ್ಲಿ ಬರೆದು ಹೋಲಿಸಿದರೆ ಒಂದು ಅಕ್ಷರವೂ ಹೊಂದುವುದಿಲ್ಲ. ಆದರೂ ಇವೆರಡೂ ಒಂದೇ ತಾಯಿಯ ಮಕ್ಕಳು ಎಂದರೆ ನಂಬುತ್ತೀರಾ?

ಆ ತಾಯಿ ಗ್ರೀಕ್ ಭಾಷೆಯ ‘ಎಪಿಸ್ಕೊಪೊಸ್’. ‘ಎಪಿ’ ಎಂದರೆ ಮೇಲೆ, ‘ಸ್ಕೊಪೊಸ್’ ಎಂದರೆ ನೋಡುವವನು. ಕೂಡಿಸಿದರೆ ಮೇಲ್ವಿಚಾರಕ. ಟೆಲಿಸ್ಕೋಪ್, ಮೈಕ್ರೋಸ್ಕೋಪ್‌ಗಳಲ್ಲಿರುವ ‘ಸ್ಕೋಪ್’ ಕೂಡ ಇದೇ ಬಳಗದ್ದು. ನಾವು ದಿನವೂ ಬಳಸುವ ‘ಸ್ಪಷ್ಟ’ ಎಂಬ ಸಂಸ್ಕೃತ ಪದವೂ ಇದಕ್ಕೆ ದೂರದ ನೆಂಟ. ‘ನೋಡು’ ಎಂಬ ಅರ್ಥದ ಒಂದೇ ಪ್ರಾಚೀನ ಮೂಲದಿಂದ ಇವು ಹುಟ್ಟಿವೆ ಎನ್ನುತ್ತಾರೆ ಭಾಷಾವಿಜ್ಞಾನಿಗಳು.

ಈ ಪದಕ್ಕೆ ಮೊದಲು ಧರ್ಮದ ಸೋಂಕೇ ಇರಲಿಲ್ಲ. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್ ತನ್ನ ಅಧೀನದಲ್ಲಿದ್ದ ಊರುಗಳಿಗೆ ತಪಾಸಣೆಗೆಂದು ಕಳುಹಿಸುತ್ತಿದ್ದ ಅಧಿಕಾರಿಯೇ ಎಪಿಸ್ಕೊಪೊಸ್. ಕ್ರಿ.ಪೂ. 414ರಲ್ಲಿ ಪ್ರದರ್ಶನಗೊಂಡ ಅರಿಸ್ಟೊಫೇನಿಸನ ‘ಹಕ್ಕಿಗಳು’ ಎಂಬ ಹಾಸ್ಯ ನಾಟಕದಲ್ಲಿ ಅಂಥ ಒಬ್ಬ ಅಧಿಕಾರಿ ಹೊಸದಾಗಿ ಕಟ್ಟಿದ ಹಕ್ಕಿಗಳ ನಗರಕ್ಕೆ ಬಂದು ಏಟು ತಿನ್ನುತ್ತಾನೆ. ತಪಾಸಣೆಗೆ ಬರುವ ಸಾಹೇಬರನ್ನು ಕಂಡರೆ ಜನರಿಗೆ ಆಗಲೂ ಅಷ್ಟಕ್ಕಷ್ಟೇ!

ಮೊದಲ ಶತಮಾನದ ಕ್ರೈಸ್ತರು ಇದೇ ಆಡಳಿತದ ಪದವನ್ನು ಎತ್ತಿಕೊಂಡರು. ಫಿಲಿಪ್ಪಿ ಊರಿನವರಿಗೆ ಪೌಲನು ಬರೆದ ಪತ್ರದಲ್ಲಿ ಒಂದೇ ಊರಿಗೆ ಹಲವು ಎಪಿಸ್ಕೊಪೊಸ್‌ಗಳಿದ್ದಾರೆ. ಒಂದು ಊರಿಗೆ ಒಬ್ಬನೇ ಬಿಷಪ್ ಇರಬೇಕೆಂಬ ಮಾತು ಗಟ್ಟಿಯಾಗಿ ಕೇಳಿಬರುವುದು 2ನೇ ಶತಮಾನದ ಆರಂಭದ, ಅಂತಿಯೋಕ್ಯದ ಇಗ್ನೇಷಿಯಸನ ಪತ್ರಗಳಲ್ಲಿ. ಕೆಲಸದ ಹೆಸರು ನಿಧಾನವಾಗಿ ಪದವಿಯ ಹೆಸರಾಯಿತು.

ಧರ್ಮದ ಜೊತೆ ಪದವೂ ಊರೂರು ಅಲೆಯಿತು. ಲ್ಯಾಟಿನ್‌ನಲ್ಲಿ ‘ಎಪಿಸ್ಕೊಪುಸ್’, ಇಟಾಲಿಯನ್‌ನಲ್ಲಿ ‘ವೆಸ್ಕೊವೊ’, ಸ್ಪ್ಯಾನಿಷ್‌ನಲ್ಲಿ ‘ಒಬಿಸ್ಪೊ’, ಜರ್ಮನ್‌ನಲ್ಲಿ ‘ಬಿಷೋಫ್’, ಪೋಲಿಷ್‌ನಲ್ಲಿ ‘ಬಿಸ್ಕುಪ್’, ಫಿನ್ನಿಷ್‌ನಲ್ಲಿ ‘ಪೀಸ್ಪಾ’. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ ಅಲ್ಲಿಯೂ ಧ್ವನಿಗಳು ಸವೆದು ಬದಲಾದವು. ಇಂಗ್ಲಿಷ್ ಮೊದಲಿನ ‘ಎ’ಯನ್ನು ಬಿಟ್ಟುಬಿಟ್ಟಿತು, ಫ್ರೆಂಚ್ ಅದನ್ನು ಉಳಿಸಿಕೊಂಡು ಕೊನೆಯದನ್ನು ಕಳೆದುಕೊಂಡಿತು. ಆದರೆ ಸವೆದದ್ದು ಧ್ವನಿ ಮಾತ್ರವಲ್ಲ. ‘ಬಿಷಪ್’ ಎಂದಾಗ ‘ನೋಡಿಕೊಳ್ಳುವವನು’ ಎಂಬ ಅರ್ಥ ಯಾರಿಗೂ ಕೇಳಿಸದಾಯಿತು. ಕಿವಿಗೆ ಬೀಳುತ್ತಿದ್ದುದು ಅಧಿಕಾರ, ಗೌರವ ಅಷ್ಟೇ.

ಹಾಗಾಗಿಯೇ 16ನೇ ಶತಮಾನದಲ್ಲಿ ಅನುವಾದ ಎಂಬುದು ಅಪಾಯದ ಕೆಲಸವಾಗಿತ್ತು. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಿಂದ ಇಂಗ್ಲಿಷಿಗೆ ತಂದಾಗ, ‘ಹಿರಿಯ’ ಎಂಬ ಅರ್ಥದ ಗ್ರೀಕ್ ಪದಕ್ಕೆ ‘ಪ್ರೀಸ್ಟ್’ ಎನ್ನದೆ ‘ಸೀನಿಯರ್’ ಎಂದ. ಥಾಮಸ್ ಮೋರ್ ಅದನ್ನು ಕಟುವಾಗಿ ಖಂಡಿಸಿದ. ಪದ ಬದಲಾದರೆ ಅದರ ಹಿಂದಿನ ಅಧಿಕಾರವೂ ಅಲುಗಾಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. 1536ರಲ್ಲಿ ಟಿಂಡೇಲ್‌ಗೆ ಧರ್ಮವಿರೋಧಿ ಎಂಬ ಆರೋಪದ ಮೇಲೆ ಮರಣದಂಡನೆಯಾಯಿತು. 1604ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸ್, ಬಿಷಪ್ ಇಲ್ಲದಿದ್ದರೆ ರಾಜನೂ ಇಲ್ಲ ಎಂದು ಬಿಡಿಸಿ ಹೇಳಿದ. ಅತ್ತ ಜರ್ಮನಿಯ ಲೂಥರನ್ ಸುಧಾರಕರು ಹಲವೆಡೆ ಬಿಷಪ್ ಬದಲು ‘ಸೂಪರಿಂಟೆಂಡೆಂಟ್’ ಎಂಬ ಹುದ್ದೆ ತಂದರು. ಅದು ಎಪಿಸ್ಕೊಪೊಸ್‌ನದೇ ಲ್ಯಾಟಿನ್ ಅನುವಾದ. ಮರೆತ ಅರ್ಥವನ್ನು ಮತ್ತೆ ಕಣ್ಣೆದುರಿಗೆ ತಂದಂತಾಯಿತು.

ಸೂಪರಿಂಟೆಂಡೆಂಟ್ ಎಂದ ಕೂಡಲೇ ಸರ್ಕಾರಿ ಕೆಲಸಕ್ಕೆ ಓದುತ್ತಿರುವವರ ಕಿವಿ ನೆಟ್ಟಗಾಗಿರಬೇಕು. ನಮ್ಮ ಕಚೇರಿಗಳಲ್ಲಿ ಅವರನ್ನು ‘ಅಧೀಕ್ಷಕರು’ ಎನ್ನುತ್ತೇವೆ. ‘ಅಧಿ’ ಎಂದರೆ ಮೇಲೆ, ‘ಈಕ್ಷಿಸು’ ಎಂದರೆ ನೋಡು. ಗ್ರೀಕ್ ಪದದ್ದೇ ಅಚ್ಚು! ‘ಅಧ್ಯಕ್ಷ’ ಪದದಲ್ಲಿರುವುದೂ ‘ಅಕ್ಷ’, ಅಂದರೆ ಕಣ್ಣು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೇ ಅಧಿಕರಣದ ಹೆಸರೇ ‘ಅಧ್ಯಕ್ಷಪ್ರಚಾರ’. ಬೇಸಾಯ, ವ್ಯಾಪಾರ ಹೀಗೆ ಒಂದೊಂದು ಇಲಾಖೆಗೂ ಅಲ್ಲಿ ಒಬ್ಬೊಬ್ಬ ಅಧ್ಯಕ್ಷ, ಅವನಿಗೆ ಇಂತಿಂಥದೇ ಕೆಲಸ. ಕನ್ನಡದ ಕ್ಯಾಥೊಲಿಕರು ಬಿಷಪ್ಪರನ್ನು ‘ಧರ್ಮಾಧ್ಯಕ್ಷರು’ ಎನ್ನುವಾಗ ಎರಡು ಸಾವಿರ ವರ್ಷ ಹಿಂದಿನ ಅರ್ಥ ಸದ್ದಿಲ್ಲದೆ ಮರಳಿ ಬಂದಿದೆ.

ಇನ್ನೂ ಒಂದನ್ನು ಸೇರಿಸಿಕೊಳ್ಳಿ. ‘ಮಿನಿಸ್ಟರ್’ ಎಂಬ ಲ್ಯಾಟಿನ್ ಪದದ ಮೂಲ ಅರ್ಥ ಸೇವಕ. ಚರ್ಚಿನ ‘ಡೀಕನ್’ ಕೂಡ ಗ್ರೀಕ್‌ನಲ್ಲಿ ಸೇವಕನೇ.

ಹುದ್ದೆಯ ಹೆಸರುಗಳೆಲ್ಲ ಹುಟ್ಟುವಾಗ ಕ್ರಿಯಾಪದಗಳು: ನೋಡು, ಕಾಯು, ಸೇವೆ ಮಾಡು. ಕುರ್ಚಿಯ ಮೇಲೆ ಬಹಳ ಕಾಲ ಕುಳಿತ ಮೇಲೆ ಅವು ಬಿರುದುಗಳಾಗುತ್ತವೆ. ನಾಳೆ ನಮ್ಮ ಹೆಸರಿನ ಮುಂದೆಯೂ ಒಂದು ಹುದ್ದೆ ಬರಲಿದೆ. ಸಂದರ್ಶನಕ್ಕೆ ಹೋಗುವ ಮುನ್ನ ಅದರ ಸಂಬಳದ ಶ್ರೇಣಿಯ ಜೊತೆಗೆ ಅದರೊಳಗಿನ ಕ್ರಿಯಾಪದ ಯಾವುದೆಂದೂ ಒಮ್ಮೆ ನಿಘಂಟು ತೆರೆದು ನೋಡೋಣ.