ಘಾಟಿ ಇಳಿಯುವಾಗ ಕಲಿತ ಭೌತಶಾಸ್ತ್ರ

ಕಳೆದ ರಜೆಯಲ್ಲಿ ಅಬ್ಬ, ದೊಡ್ಡಪ್ಪನ ಮಗ ಮತ್ತು ನಾನು ಕಾರಿನಲ್ಲಿ ಆಗುಂಬೆಗೆ ಹೋಗಿದ್ದೆವು. ಕೆಲಸವೇನೂ ಇರಲಿಲ್ಲ; ಘಾಟಿ ಹತ್ತಿ ಸೂರ್ಯಾಸ್ತ ನೋಡಿ ಬರುವುದಷ್ಟೇ.

ಉಡುಪಿ ಜಿಲ್ಲೆಯ ಸೋಮೇಶ್ವರ ದಾಟಿದರೆ 14 ಹೇರ್‌ಪಿನ್ ತಿರುವುಗಳು ಆರಂಭವಾಗುತ್ತವೆ. ರಸ್ತೆ ಏಕೆ ಇಷ್ಟು ಸುತ್ತಬೇಕು? ನೇರವಾಗಿ ಮಾಡಿದರೆ ಯಾವ ವಾಹನವೂ ಹತ್ತಲಾಗದಷ್ಟು ಕಡಿದಾಗುತ್ತದೆ. ದಾರಿ ಉದ್ದವಾದಷ್ಟೂ ಏರು ಕಡಿಮೆಯಾಗುತ್ತದೆ. ನಾವು ತರಗತಿಯಲ್ಲಿ ಓದಿದ ಇಳಿಜಾರು ತಲವೇ ಇದು.

ಮಗ್ರಿಬ್ ನಮಾಜ್ ಮುಗಿಸಿ ಹಿಂದಿರುಗುವಾಗ ಅಣ್ಣ ಸ್ಟೀರಿಂಗ್ ಹಿಡಿದ. ಅವನಿಗೆ ಹೊಸದಾಗಿ ಲೈಸೆನ್ಸ್ ಸಿಕ್ಕಿತ್ತು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುತ್ತಿದ್ದ. ಕೆಲವು ತಿರುವು ಕಳೆದಾಗ ಸುಟ್ಟ ವಾಸನೆ ಬಂತು. "ಅಬ್ಬ, ಬ್ರೇಕ್ ಮೆತ್ತಗಾಗ್ತಾ ಇದೆ" ಎಂದ ಅಣ್ಣ. ಅವನ ದನಿ ನಡುಗುತ್ತಿತ್ತು. "ಹೆದರಬೇಡ ಮಗಾ, ಸೆಕೆಂಡ್ ಗೇರ್ ಹಾಕು" ಎಂದರು ಅಬ್ಬ. ಕಾರು ನಿಧಾನವಾಯಿತು. ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರ ತಣ್ಣಗಾಗುವವರೆಗೆ ಕಾದೆವು.

ಆದದ್ದೇನು? 1000 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದುಕೊಳ್ಳಿ. ಅದು ಸುಮಾರು 50 ಲಕ್ಷ ಜೌಲ್ ಸ್ಥಿತಿಜ ಶಕ್ತಿಯನ್ನು ಕಳೆದುಕೊಳ್ಳಬೇಕು. ನ್ಯೂಟ್ರಲ್‌ನಲ್ಲಿದ್ದರೆ ಅದರ ಬಹುಪಾಲು ಬ್ರೇಕ್‌ನಲ್ಲಿ ಶಾಖವಾಗುತ್ತದೆ. ಅತಿಯಾಗಿ ಬಿಸಿಯಾದ ಬ್ರೇಕ್ ಪ್ಯಾಡ್‌ಗಳಲ್ಲಿ ಘರ್ಷಣೆ ಕಡಿಮೆಯಾಗುತ್ತದೆ. ಬ್ರೇಕ್ ದ್ರವ ಕುದಿದರೆ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಅನಿಲ ಕುಗ್ಗುವುದರಿಂದ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಕೆಳಗಿನ ಗೇರ್‌ನಲ್ಲಿದ್ದರೆ ಎಂಜಿನ್ನೇ ಚಕ್ರಗಳನ್ನು ಹಿಡಿದಿಡುತ್ತದೆ. ಇನ್ನೊಂದು ಮಾತು: ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅಣ್ಣನ ಉಳಿತಾಯದ ಲೆಕ್ಕವೂ ತಪ್ಪಾಗಿತ್ತು!

ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಬೇಕಾದ ಕೇಂದ್ರಾಭಿಮುಖ ಬಲ ನಾಲ್ಕು ಪಟ್ಟಾಗುತ್ತದೆ. ಅದನ್ನು ಕೊಡಬೇಕಾದದ್ದು ಟೈರಿನ ಘರ್ಷಣೆ. ಮಳೆಯಲ್ಲಿ ಅದೂ ಕಡಿಮೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಬೇಕು, ಹಾರ್ನ್ ಮಾಡಬೇಕು. ರಸ್ತೆ ಕಿರಿದಾದಲ್ಲಿ ಇಳಿಯುವವರು ನಿಂತು, ಹತ್ತುವವರಿಗೆ ದಾರಿ ಬಿಡಬೇಕು. ಇದು ನಿಯಮವೂ ಹೌದು.

ಮತ್ತೆ ಹೊರಡುವಾಗ ಅಬ್ಬ ಪ್ರವಾದಿ(ಸ)ರ ಒಂಟೆಯ ಪಾಠ ನೆನಪಿಸಿದರು: ಮೊದಲು ಒಂಟೆಯನ್ನು ಕಟ್ಟಬೇಕು, ಬಳಿಕ ತವಕ್ಕುಲ್. ಅಣ್ಣ ಬಿಸ್ಮಿಲ್ಲಾಹ್ ಹೇಳಿ ಸೆಕೆಂಡ್ ಗೇರ್ ಹಾಕಿದ. ಸೋಮೇಶ್ವರ ತಲುಪುವವರೆಗೂ ಗೇರ್ ಬದಲಿಸಲಿಲ್ಲ.