ಕಟ್ಟಿಟ್ಟ ಗಂಟು, ಕಾದಿಟ್ಟ ಕೆಲಸ

ಮನೆಯೊಡತಿಯೊಬ್ಬಳು ಬೆಳಗಿನ ಬಸ್ಸಿಗೆ ತವರೂರಿಗೆ ಹೊರಡುವವಳಿದ್ದಾಳೆ. ಸಂಜೆಯ ಅಡುಗೆ ಅಡುಗೆಯವರದು; ಅವರು ಬರುವ ಹೊತ್ತಿಗೆ ಆಕೆ ಮನೆಯಲ್ಲಿರುವುದಿಲ್ಲ. ಆದುದರಿಂದ ಆಕೆ ಬೇಳೆ, ಹುಣಿಸೆಹಣ್ಣು, ಬೆಲ್ಲ, ಹುಳಿಪುಡಿಗಳನ್ನು ಅಳೆದು ಪೊಟ್ಟಣ ಕಟ್ಟಿ, ಎಲ್ಲವನ್ನೂ ಒಂದೇ ಗಂಟಿನಲ್ಲಿಟ್ಟು, ‘ಹುಳಿ ಮಾಡುವುದು’ ಎಂಬ ಚೀಟಿಯನ್ನು ಅದರ ಮೇಲಿರಿಸಿ ಹೋಗುತ್ತಾಳೆ. ಸಂಜೆ ಅಡುಗೆಯವರು ಬಂದು, ಗಂಟು ಬಿಚ್ಚಿ, ಒಂದೊಂದನ್ನೂ ಅದರದರ ಸರದಿಯಲ್ಲಿ ಹಾಕಿ ಕೆಲಸ ಮುಗಿಸುತ್ತಾರೆ. ಏನು ಆಗಬೇಕೆಂಬುದು ಬೆಳಗ್ಗೆಯೇ ನಿಶ್ಚಯವಾಯಿತು; ಆದದ್ದು ಮಾತ್ರ ಸಂಜೆ.

ಗಣಕಯಂತ್ರದೊಳಗೂ ಇಂತಹ ವ್ಯವಹಾರ ಎಡೆಬಿಡದೆ ನಡೆಯುತ್ತಿರುತ್ತದೆ. ‘ನಾಳೆ ಐದು ಗಂಟೆಗೆ ಎಬ್ಬಿಸು’ ಎಂದು ನಾವು ಮೊಬೈಲಿಗೆ ಹೇಳಿ ಮಲಗುತ್ತೇವೆ. ಯಾವ ರಾಗ, ಎಷ್ಟು ಗಟ್ಟಿ, ಎಷ್ಟು ಹೊತ್ತು ಎಂಬ ವಿವರಗಳು ರಾತ್ರಿಯೆಲ್ಲ ಎಲ್ಲಿಯೋ ಕಾದಿರಬೇಕು. ಹೇಳುವ ಕಾಲ ಬೇರೆ, ಮಾಡುವ ಕಾಲ ಬೇರೆಯಾದಾಗ ನಡುವಿನ ಸಾಮಗ್ರಿಯನ್ನು ಜೋಪಾನವಾಗಿ ಇಡುವ ಬಗೆ ಹೇಗೆ? ಸಿ ಪ್ಲಸ್ ಪ್ಲಸ್ ಎಂಬ ಗಣಕಭಾಷೆ ಈ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಇಲ್ಲಿ ನೋಡೋಣ.

ಕೆಲಸಗಾರನೂ ಸಾಮಗ್ರಿಯೂ

ಗಣಕಕ್ಕೆ ಬರೆದುಕೊಡುವ ಆದೇಶಗಳ ಸರಣಿಗೆ ಪ್ರೋಗ್ರಾಮ್ ಎಂದು ಹೆಸರು. ಅದರಲ್ಲಿ ಒಂದು ನಿರ್ದಿಷ್ಟ ಕೆಲಸವನ್ನು ಮಾಡುವ ಭಾಗವೇ ಫಂಕ್ಷನ್. ಕೆಲಸಕ್ಕಾಗಿ ಅದಕ್ಕೆ ಒದಗಿಸುವ ಬೆಲೆಗಳು ಆರ್ಗ್ಯುಮೆಂಟುಗಳು. ಚಕ್ರಬಡ್ಡಿಯ ಲೆಕ್ಕ ಮಾಡುವ ಒಂದು ಫಂಕ್ಷನ್ ಇದೆಯೆನ್ನೋಣ. ಅದಕ್ಕೆ ಅಸಲು 8000 ರೂಪಾಯಿ, ಬಡ್ಡಿಯ ದರ ಶೇಕಡಾ 2.5, ಅವಧಿ 2 ವರ್ಷ ಎಂಬ ಮೂರು ಆರ್ಗ್ಯುಮೆಂಟುಗಳನ್ನು ಕೊಟ್ಟರೆ ಒಟ್ಟು ಮೊತ್ತ 8405 ರೂಪಾಯಿ ಎಂಬ ಉತ್ತರ ಬರುತ್ತದೆ. ಒಡನೆ ಕೊಟ್ಟು ಒಡನೆ ಪಡೆಯುವುದಾದರೆ ಇದರಲ್ಲಿ ತೊಡಕೇನೂ ಇಲ್ಲ.

ಆದರೆ ಬೆಲೆಗಳನ್ನು ಇಂದು ಕೊಟ್ಟು, ಲೆಕ್ಕವನ್ನು ಬೇಕೆಂದಾಗ ಮಾಡಿಸಬೇಕಾದರೆ? ಆಗ ಫಂಕ್ಷನ್ನನ್ನೂ ಅದರ ಮೂರು ಬೆಲೆಗಳನ್ನೂ ಒಟ್ಟಿಗೆ ಕಟ್ಟಿಡಬೇಕು. ಈ ವಿಚಾರ ಹೊಸದಲ್ಲ. ಫಂಕ್ಷನ್ನನ್ನು ಅದರ ಪರಿಸರದೊಡನೆ ಕೂಡಿಸಿ ಇಟ್ಟುಕೊಂಡ ಜೋಡಿಗೆ ಬ್ರಿಟನ್ನಿನ ಗಣಕವಿಜ್ಞಾನಿ ಪೀಟರ್ ಲ್ಯಾಂಡಿನ್ 1964ರಲ್ಲಿಯೇ ‘ಕ್ಲೋಷರ್’ ಎಂಬ ಹೆಸರನ್ನು ಕೊಟ್ಟಿದ್ದರು. ತೊಡಕು ಇರುವುದು ಬೇರೆ ಕಡೆ. ಚಕ್ರಬಡ್ಡಿಗೆ ಮೂರು ಬೆಲೆ ಬೇಕು. ವರ್ಗಮೂಲಕ್ಕೆ ಒಂದೇ ಸಾಕು. ಪತ್ರವೊಂದನ್ನು ಅಚ್ಚು ಮಾಡುವ ಫಂಕ್ಷನ್ನಿಗೆ ಹೆಸರು, ಊರು, ತಾರೀಖು ಎಂದು ಏಳೆಂಟು ಬೇಕಾಗಬಹುದು. ಎಷ್ಟು ಪೊಟ್ಟಣಗಳೆಂದು ಮೊದಲೇ ತಿಳಿಯದ ಗಂಟನ್ನು ಹೊಲಿಯುವುದು ಹೇಗೆ?

ಹಳೆಯ ದಾರಿಗಳು

ಡೆನಿಸ್ ರಿಚಿಯವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ, ಎಷ್ಟು ಬೆಲೆಗಳನ್ನಾದರೂ ಒಪ್ಪುವ ಫಂಕ್ಷನ್ನುಗಳಿದ್ದವು. ಪ್ರಿಂಟ್‌ಎಫ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಆ ವ್ಯವಸ್ಥೆ ನಂಬಿಕೆಯ ಮೇಲೆ ನಿಂತದ್ದು. ‘ಮುಂದೆ ಬರುವುದು ಪೂರ್ಣಾಂಕ’ ಎಂದು ಸೂಚಿಸಿ ದಶಮಾಂಶ ಸಂಖ್ಯೆಯನ್ನು ಕೊಟ್ಟರೆ, ಉತ್ತರ ಅಸಂಬದ್ಧವಾದೀತು. ಇಂದಿನ ಕಂಪೈಲರುಗಳು ಇಂತಹ ತಪ್ಪನ್ನು ಕಂಡು ಎಚ್ಚರಿಸುವುದುಂಟು. ಆದರೂ ಭಾಷೆಯ ರಚನೆಯೊಳಗೇ ಅದಕ್ಕೆ ತಡೆಯಿಲ್ಲ. ಪೊಟ್ಟಣಗಳ ಮೇಲೆ ಹೆಸರಿಲ್ಲದ ಗಂಟು ಅದು.

ಅದೇ ಪ್ರಯೋಗಶಾಲೆಯಲ್ಲಿ ಡೆನ್ಮಾರ್ಕ್ ಮೂಲದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರು 1979ರಲ್ಲಿ ಆರಂಭಿಸಿದ ಕೆಲಸ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಅದರಲ್ಲಿ ‘ಟೆಂಪ್ಲೇಟ್’ ಎಂಬ ಸೌಲಭ್ಯವುಂಟು. ಅದನ್ನು ಅಚ್ಚು ಎಂದು ತಿಳಿಯಬಹುದು. ಒಂದೇ ಅಚ್ಚಿನಿಂದ, ಪೂರ್ಣಾಂಕಕ್ಕೆ ಒಂದು, ದಶಮಾಂಶಕ್ಕೆ ಒಂದು, ಅಕ್ಷರಮಾಲೆಗೆ ಒಂದು ಎಂದು ಬೇಕಾದ ರೂಪಗಳನ್ನು ಕಂಪೈಲರು ತಾನೇ ಎರಕ ಹೊಯ್ದುಕೊಳ್ಳುತ್ತದೆ. ಆದರೆ ಅಚ್ಚಿನಲ್ಲಿ ಎಷ್ಟು ಗುಳಿಗಳಿರಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕಾಗಿತ್ತು. ಆದಕಾರಣ ಗ್ರಂಥಾಲಯಗಳನ್ನು ರಚಿಸುವವರು ಒಂದು ಬೆಲೆಗೆ ಒಂದಚ್ಚು, ಎರಡಕ್ಕೆ ಇನ್ನೊಂದು, ಮೂರಕ್ಕೆ ಮತ್ತೊಂದು ಎಂದು ಒಂದೇ ಬರಹವನ್ನು ಮರಳಿ ಮರಳಿ ಬರೆಯುತ್ತಿದ್ದರು. ಬೂಸ್ಟ್ ಎಂಬ ಹೆಸರಾಂತ ಗ್ರಂಥಾಲಯದ ಹಳೆಯ ಗಂಟಿನಲ್ಲಿ ಹತ್ತು ಬೆಲೆಗಳಿಗೆ ಮಾತ್ರ ಎಡೆಯಿತ್ತು. ಹನ್ನೊಂದನೆಯದು ಬಂದರೆ ಬಾಗಿಲು ಮುಚ್ಚಿದಂತೆಯೇ!

ಹಿಗ್ಗುವ ಅಚ್ಚು

ಡಗ್ಲಸ್ ಗ್ರೆಗರ್, ಯಾಕ್ಕೊ ಯಾರ್ವಿ ಮೊದಲಾದವರ ಸಲಹೆಯ ಮೇರೆಗೆ, 2011ರ ಪ್ರಮಾಣಗ್ರಂಥದಲ್ಲಿ ‘ವೇರಿಯಾಡಿಕ್ ಟೆಂಪ್ಲೇಟ್’ ಸೇರಿತು. ಇದು ಬೇಕಾದಷ್ಟು ಹಿಗ್ಗುವ ಅಚ್ಚು. ಬರಹದಲ್ಲಿ ಇದರ ಗುರುತು ಮೂರು ಚುಕ್ಕೆಗಳು ಮಾತ್ರ. ‘ಇಲ್ಲಿ ಎಷ್ಟು ಬಂದರೂ ಬರಲಿ, ಒಂದೂ ಬರದಿದ್ದರೂ ಸರಿ’ ಎಂಬುದು ಅವುಗಳ ಅರ್ಥ. ಸಿ ಭಾಷೆಯ ಹಳೆಯ ದಾರಿಗೂ ಇದಕ್ಕೂ ಇರುವ ಅಂತರ ಮಹತ್ತರವಾದುದು: ಬಂದ ಬೆಲೆಗಳೆಷ್ಟು, ಪ್ರತಿಯೊಂದೂ ಯಾವ ಜಾತಿಯದು ಎಂಬುದು ಪ್ರೋಗ್ರಾಮ್ ಓಡುವುದಕ್ಕೆ ಮೊದಲೇ ಕಂಪೈಲರಿಗೆ ಪೂರ್ತಿಯಾಗಿ ತಿಳಿದಿರುತ್ತದೆ.

ಬೆಲೆಗಳನ್ನು ಇಡುವ ಗಂಟಿಗೆ ‘ಟ್ಯೂಪಲ್’ ಎಂದು ಹೆಸರು. ಇದರ ಅರೆಗಳಿಗೆ ಸೊನ್ನೆಯಿಂದ ಆರಂಭಿಸಿ ಕ್ರಮಾಂಕವುಂಟು. ನಮ್ಮ ಉದಾಹರಣೆಯಲ್ಲಿ ಸೊನ್ನೆಯ ಅರೆಯಲ್ಲಿ 8000, ಒಂದರಲ್ಲಿ 2.5, ಎರಡರಲ್ಲಿ 2. ಕಟ್ಟುವುದು ಸುಲಭ, ಜಾಣ್ಮೆ ಬೇಕಾದುದು ಬಿಚ್ಚುವಲ್ಲಿ. ಫಂಕ್ಷನ್ ಇಡೀ ಗಂಟನ್ನು ನುಂಗಲಾರದು. ಅದಕ್ಕೆ ಬಿಡಿ ಬಿಡಿಯಾದ ಮೂರು ಬೆಲೆಗಳೇ ಬೇಕು. ಇದಕ್ಕಾಗಿ ಕಂಪೈಲರು 0, 1, 2 ಎಂಬ ಅಂಕಿಗಳ ಸಾಲೊಂದನ್ನು ತಯಾರಿಸಿಕೊಳ್ಳುತ್ತದೆ. ಅನಂತರ ‘ಇಂತಿಷ್ಟನೆಯ ಅರೆಯಲ್ಲಿರುವುದನ್ನು ತೆಗೆ’ ಎಂಬ ಒಂದೇ ವಾಕ್ಯದ ಮುಂದೆ ಮೂರು ಚುಕ್ಕೆಗಳನ್ನಿಟ್ಟರೆ ಸಾಕು. ಸಾಲಿನ ಪ್ರತಿಯೊಂದು ಅಂಕಿಗೂ ಆ ವಾಕ್ಯ ಒಂದೊಂದು ಸಲ ವಿಸ್ತಾರಗೊಂಡು, ಮೂರು ಬೆಲೆಗಳು ಸರದಿ ತಪ್ಪದೆ ಫಂಕ್ಷನ್ನಿನ ಕೈ ಸೇರುತ್ತವೆ. ಈ ಅಂಕಿಸಾಲನ್ನು ಮೊದಮೊದಲು ಪ್ರೋಗ್ರಾಮ್ ಬರೆಯುವವರೇ ಕಟ್ಟಿಕೊಳ್ಳಬೇಕಾಗಿತ್ತು. 2014ರಲ್ಲಿ ಅದು ಪ್ರಮಾಣ ಗ್ರಂಥಾಲಯವನ್ನು ಸೇರಿತು. 2017ರಲ್ಲಿ ‘ಅಪ್ಲೈ’ ಎಂಬ ಸಿದ್ಧ ಸಾಧನವೇ ದೊರೆಯಿತು. ಫಂಕ್ಷನ್ನನ್ನೂ ಗಂಟನ್ನೂ ಅದಕ್ಕೆ ಒಪ್ಪಿಸಿದರೆ ಬಿಚ್ಚುವ ಕೆಲಸ ಅದರದು.

ಅಂಕಿಯಿರಬೇಕಾದ ಅರೆಯಲ್ಲಿ ಯಾರದೋ ಹೆಸರನ್ನು ಇಟ್ಟರೆ ಕಂಪೈಲರು ಒಡನೆಯೇ ತಡೆಯುತ್ತದೆ. ಆದರೆ ಅದರ ಕಾವಲಿಗೂ ಮಿತಿಯುಂಟು. ಅಸಲಿನ ಅರೆಯಲ್ಲಿ 2ನ್ನೂ ವರ್ಷದ ಅರೆಯಲ್ಲಿ 8000ವನ್ನೂ ಇಟ್ಟರೆ, ಎರಡೂ ಪೂರ್ಣಾಂಕಗಳೇ ಆದುದರಿಂದ ಅದು ಸುಮ್ಮನಿರುತ್ತದೆ. ಜಾತಿಯನ್ನು ಪರೀಕ್ಷಿಸಬಲ್ಲುದಲ್ಲದೆ ಉದ್ದೇಶವನ್ನು ಅದು ಅರಿಯಲಾರದು.

ಬೆಲ್ಲವೋ, ಬೆಲ್ಲದ ಡಬ್ಬಿಯ ಗುರುತೋ?

ಈಗ ಮನೆಯೊಡತಿಯ ಗಂಟಿಗೆ ಹಿಂದಿರುಗೋಣ. ಆಕೆ ಬೆಲ್ಲವನ್ನು ಪೊಟ್ಟಣ ಕಟ್ಟುವ ಬದಲು, ‘ಬೆಲ್ಲ ಅಟ್ಟದ ಮೇಲಿನ ಡಬ್ಬಿಯಲ್ಲಿದೆ’ ಎಂದು ಚೀಟಿಯಲ್ಲಿ ಬರೆದಿದ್ದಳೆನ್ನಿ. ಗಂಟು ಹಗುರವಾಯಿತು, ಶ್ರಮವೂ ಉಳಿಯಿತು. ಆದರೆ ಮಧ್ಯಾಹ್ನ ಯಾರೋ ಆ ಡಬ್ಬಿಯನ್ನು ತೊಳೆದು ಅದರಲ್ಲಿ ಉಪ್ಪು ತುಂಬಿದರೆ? ಅಡುಗೆಯವರು ಚೀಟಿಯನ್ನು ನಂಬಿ ಹಾಕಿಯೇ ಹಾಕುತ್ತಾರೆ. ತಪ್ಪು ಅವರದಲ್ಲ.

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿಯೂ ಈ ಎರಡು ದಾರಿಗಳಿವೆ. ಬೆಲೆಯ ಪ್ರತಿಯನ್ನೇ ಇಡುವುದು ಒಂದು. ಮೂಲ ಬೆಲೆಯಿರುವ ಸ್ಥಳದ ಗುರುತನ್ನು, ಅಂದರೆ ರೆಫರೆನ್ಸನ್ನು, ಇಡುವುದು ಇನ್ನೊಂದು. ಫಂಕ್ಷನ್ನೊಂದು ತನ್ನ ಕೆಲಸಕ್ಕೆಂದು ಸ್ಮೃತಿಯಲ್ಲಿ ಮಾಡಿಕೊಂಡ ತಾತ್ಕಾಲಿಕ ಎಡೆ, ಅದು ಮುಗಿದೊಡನೆ ಬೇರೆಯವರ ಪಾಲಾಗುತ್ತದೆ. ಗುರುತು ಮಾತ್ರ ಗಂಟಿನಲ್ಲಿ ಉಳಿದಿದ್ದರೆ, ಕರೆ ಬಂದಾಗ ಅಲ್ಲಿ ಏನು ಸಿಕ್ಕೀತೆಂದು ಹೇಳಲಾಗದು. ಇದರ ಕೇಡು ಇರುವುದು ಅದರ ಮೋಸಗಾರಿಕೆಯಲ್ಲಿ. ಪರೀಕ್ಷೆಯ ದಿನ ಹಳೆಯ ಬೆಲೆ ಇನ್ನೂ ಅಳಿಯದೆ ಉಳಿದಿದ್ದು, ಉತ್ತರ ಸರಿಯಾಗಿಯೇ ಬರಬಹುದು. ಬಳಕೆಗೆ ಬಂದ ಮೇಲೆ, ಎಂದೋ ಒಂದು ದಿನ, ಯಾರದೋ ಲೆಕ್ಕ ತಪ್ಪುತ್ತದೆ. ಕಾರಣವನ್ನು ಹುಡುಕ ಹೊರಟವರಿಗೆ ಮತ್ತೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆದುದರಿಂದಲೇ ಪ್ರಮಾಣ ಗ್ರಂಥಾಲಯದಲ್ಲಿ ಎರಡು ಬಗೆಯ ಗಂಟುಗಳಿವೆ. ‘ಮೇಕ್ ಟ್ಯೂಪಲ್’ ಸಾಮಾನ್ಯವಾಗಿ ಬೆಲೆಗಳ ಪ್ರತಿಗಳನ್ನು ಇಡುತ್ತದೆ. ಕಾದಿಡುವುದಕ್ಕೆ ಅದೇ ಯೋಗ್ಯ. ‘ಫಾರ್ವರ್ಡ್ ಆಸ್ ಟ್ಯೂಪಲ್’ ಗುರುತುಗಳನ್ನು ಮಾತ್ರ ಹಿಡಿಯುತ್ತದೆ. ಅದು ಕಟ್ಟಿದ ಕೂಡಲೇ ಬಿಚ್ಚುವ ಸಂದರ್ಭಕ್ಕೆ ತಕ್ಕದ್ದು. ಬೇರೊಂದು ಎಳೆಯಲ್ಲಿ ಕೆಲಸ ನಡೆಸುವ ‘ಥ್ರೆಡ್’ ಎಂಬ ಸಾಧನವೂ, ಕೆಲಸ ಆರಂಭವಾಗುವ ಹೊತ್ತಿಗೆ ಹೇಳಿದವರು ಅಲ್ಲಿರಲಿಕ್ಕಿಲ್ಲವೆಂದು ಭಾವಿಸಿ, ತನಗೆ ಕೊಟ್ಟ ಬೆಲೆಗಳ ಪ್ರತಿಗಳನ್ನೇ ತೆಗೆದಿರಿಸಿಕೊಳ್ಳುತ್ತದೆ. ಮೂಲವನ್ನೇ ಹಂಚಿಕೊಳ್ಳಬೇಕೆಂದು ಬಯಸುವವರು ‘ರೆಫ್’ ಎಂಬ ಗುರುತಿನಿಂದ ಅದನ್ನು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದ ಮೇಲೆ, ಕೆಲಸ ಮುಗಿಯುವ ತನಕ ಆ ಮೂಲವನ್ನು ಉಳಿಸಿಕೊಳ್ಳುವ ಹೊಣೆ ಹೇಳಿದವರದು.

ಈ ಅಚ್ಚುಗಳಿಗೂ ಅವುಗಳದೇ ಬೆಲೆಯಿದೆ. ಬೆಲೆಗಳ ಪ್ರತಿಯೊಂದು ಜೋಡಣೆಗೂ ಕಂಪೈಲರು ಹೊಸ ಎರಕ ಹೊಯ್ಯಬೇಕಾದುದರಿಂದ ಅದರ ಶ್ರಮ ಹೆಚ್ಚುತ್ತದೆ. ತಪ್ಪಾದಾಗ ಅದು ಕೊಡುವ ದೂರು ಪುಟಗಟ್ಟಲೆ ಬೆಳೆಯುವುದೂ ಉಂಟು. 2020ರ ಪ್ರಮಾಣಗ್ರಂಥ ಈ ದಾರಿಯನ್ನು ಇನ್ನಷ್ಟು ಸುಗಮಗೊಳಿಸಿ, ಹೆಸರಿಲ್ಲದ ಸಣ್ಣ ಫಂಕ್ಷನ್ನೊಂದು ಎಷ್ಟು ಬೆಲೆಗಳನ್ನಾದರೂ ನೇರವಾಗಿ ತನ್ನೊಳಗೆ ಇಟ್ಟುಕೊಳ್ಳಲು ಅವಕಾಶವಿತ್ತಿತು. ಆದರೂ ಪ್ರತಿಯನ್ನು ಇಡಬೇಕೆ, ಗುರುತನ್ನು ಇಡಬೇಕೆ ಎಂಬ ನಿರ್ಧಾರ ಇಂದಿಗೂ ಬರೆಯುವವರ ಪಾಲಿನದೇ. ಪ್ರೋಗ್ರಾಮ್ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿ, ಗಂಟಿನ ಪ್ರತಿಯೊಂದು ಅರೆಯನ್ನೂ ಮುಚ್ಚುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದೊಳಿತು: ನಾನಿಲ್ಲದ ಹೊತ್ತಿನಲ್ಲಿ ಇದನ್ನು ಬಿಚ್ಚಿದವರಿಗೆ ದೊರೆಯುವುದು ಬೆಲ್ಲವೋ, ಬರಿಯ ಡಬ್ಬಿಯ ಗುರುತೋ?