ಕಣ್ಣಿಗೆ ಬಿದ್ದ ಪೆಟ್ಟು

ಕಣ್ಣಿನ ಚೆಲುವನ್ನು ಕುರಿತು ನಮ್ಮ ಕವಿಗಳು ಹೇಳಿರುವುದನ್ನೆಲ್ಲ ಒಟ್ಟುಗೂಡಿಸಿದರೆ ಅದೇ ಒಂದು ದೊಡ್ಡ ಗ್ರಂಥವಾದೀತು. ಆದರೆ ಅದೇ ಕಣ್ಣಿಗೆ ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ, ವೈದ್ಯರು ಅದನ್ನು ಹೇಗೆ ಗುರುತಿಸುತ್ತಾರೆ, ಏನು ಮಾಡಿ ಉಳಿಸುತ್ತಾರೆ ಎಂಬುದನ್ನು ಓದುಬರಹ ಬಲ್ಲವರೂ ವಿಚಾರಿಸುವುದು ಅಪರೂಪ. ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಿರಿಯರು ಕಲ್ಲು ಒಡೆದು ಬಾಳಿದವರು. ನಮ್ಮ ಕೇರಿಯಲ್ಲಿ ಒಂದೇ ಕಣ್ಣಿನಿಂದ ಲೋಕವನ್ನು ನೋಡುವವರು ಹೊಸಬರಲ್ಲ. ಈ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವ ಅನೇಕರ ಮನೆಗಳಲ್ಲಿಯೂ ಗದ್ದೆ, ಗಾರೆಕೆಲಸ, ಕುಲುಮೆ, ವೆಲ್ಡಿಂಗು ಇವುಗಳಿಂದಲೇ ಒಲೆ ಉರಿಯುತ್ತದೆ. ಆದುದರಿಂದ ಓದಿ, ಕೇಳಿ ತಿಳಿದುದನ್ನು ಇಲ್ಲಿ ಹೇಳುವ ಧೈರ್ಯ ಮಾಡಿದ್ದೇನೆ.

ವಯಸ್ಕನ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರು ಉದ್ದವಿರುತ್ತದೆ. ಸುತ್ತಲೂ ಎಲುಬಿನ ಗೂಡು, ಮುಂದೆ ರೆಪ್ಪೆ, ಇವೇ ಅದರ ಕೋಟೆ. ಎದುರಿಗಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ನಡುಭಾಗದಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅದರ ಹಿಂದೆ ಪಾಪೆ, ಪಾಪೆಯ ಹಿಂದೆ ಮಸೂರ, ಮಸೂರದ ಹಿಂದೆ ಗಾಜಿನಂತೆ ತಿಳಿಯಾದ ಲೋಳೆ, ಎಲ್ಲಕ್ಕೂ ಹಿಂದೆ ಚಿತ್ರ ಮೂಡುವ ರೆಟಿನಾ. ಈ ಗುಡ್ಡೆಯ ಗೋಡೆ ಪೂರ್ತಿಯಾಗಿ ತೂತಾಗಿದೆಯೋ ಇಲ್ಲವೋ ಎಂಬುದೇ ವೈದ್ಯನು ತನಗೆ ತಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ. 1996ರಲ್ಲಿ ಫೆರೆಂಕ್ ಕೂನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವರ್ಗೀಕರಣವೂ ಈ ಪ್ರಶ್ನೆಯ ಮೇಲೆಯೇ ನಿಂತಿದೆ. ಗೋಡೆ ತೂತಾಗಿದ್ದರೆ ಅದು ತೆರೆದ ಗಾಯ, ಇಲ್ಲದಿದ್ದರೆ ಮುಚ್ಚಿದ ಗಾಯ. ಚಾಣ, ತಂತಿ, ಗಾಜುಗಳಂಥ ಚೂಪಾದ ವಸ್ತು ಹೊರಗಿನಿಂದ ಸೀಳಬಹುದು. ಚೆಂಡು, ಮುಷ್ಟಿ, ದನದ ಕೊಂಬಿನಂಥ ಮೊಂಡು ಪೆಟ್ಟಿಗೆ ಒಳಗಿನ ಒತ್ತಡವೇರಿ ಗುಡ್ಡೆ ಒಳಗಿನಿಂದ ಬಿರಿಯಲೂಬಹುದು. ಇದಲ್ಲದೆ ಸುಣ್ಣ, ಆಮ್ಲ, ಬೆಂಕಿಗಳಿಂದಾಗುವ ಸುಟ್ಟಗಾಯಗಳೇ ಬೇರೆ.

ಈ ಭೇದವನ್ನು ಅರಿಯದಿದ್ದರೆ ಆಗುವ ಅನರ್ಥ ದೊಡ್ಡದು. ಏಕೆಂದರೆ ಒಂದು ಬಗೆಯ ಗಾಯದಲ್ಲಿ ಕೂಡಲೆ ತೊಳೆಯದಿದ್ದರೆ ಕಣ್ಣು ಹೋಗುತ್ತದೆ. ಇನ್ನೊಂದರಲ್ಲಿ ತೊಳೆದು ಉಜ್ಜಿದರೇ ಕಣ್ಣು ಹೋಗುತ್ತದೆ.

ತೊಳೆಯಲೇಬೇಕಾದುದು ಸುಣ್ಣ ಬಿದ್ದ ಕಣ್ಣನ್ನು. ಗೋಡೆಗೆ ಸುಣ್ಣ ಬಳಿಯುವವನ ಕಣ್ಣಿಗೆ ಮೇಲಿನಿಂದ ಹನಿ ಬೀಳುತ್ತದೆ. ಎಲೆಯಡಿಕೆಗೆಂದು ತಂದ ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿದಾಗ ಅದು ಒಡೆದು ನೇರವಾಗಿ ಮುಖಕ್ಕೆ ಚಿಮ್ಮುತ್ತದೆ. ಆಮ್ಲವು ಉಗ್ರವೆಂದೂ ಸುಣ್ಣವು ಸೌಮ್ಯವೆಂದೂ ಜನ ತಿಳಿದಿದ್ದಾರೆ. ಕಣ್ಣಿನ ಮಟ್ಟಿಗೆ ಇದು ತಲೆಕೆಳಗು. ಆಮ್ಲವು ತಾಗಿದೆಡೆಯ ಪ್ರೋಟೀನನ್ನು ಗಟ್ಟಿಯಾಗಿಸುವುದರಿಂದ ಆ ಗಟ್ಟಿ ಪದರವೇ ಬಹುಮಟ್ಟಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಸುಣ್ಣದಂಥ ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನು ಸಾಬೂನಿನಂತೆ ಕರಗಿಸುತ್ತ ಒಳಒಳಗೆ ಇಳಿಯುತ್ತದೆ. ಅದರ ಹರಳು ರೆಪ್ಪೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದರೆ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ. ಆದುದರಿಂದ ಬಸ್ಸಿಗೆ ಕಾಯುವುದಾಗಲಿ, ಡಾಕ್ಟರನ್ನು ಹುಡುಕುವುದಾಗಲಿ ಆಮೇಲಿನ ಮಾತು. ಕಣ್ಣಿಗೆ ಕಾಣುವ ಸುಣ್ಣದ ಗಂಟನ್ನು ತೆಗೆದು, ನಲ್ಲಿಯದೋ ಕೊಡದ್ದೋ ಶುದ್ಧವಾದ ನೀರನ್ನು, ರೆಪ್ಪೆಯನ್ನು ಬಿಡಿಸಿ ಹಿಡಿದು, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಧಾರೆಯಾಗಿ ಹೊಯ್ಯಬೇಕು. ಸುಣ್ಣಕ್ಕೆ ಹುಳಿ ಹಿಂಡಿದರೆ ಅದು ಮುರಿಯುವುದಲ್ಲವೇ ಎಂದು ವಿಜ್ಞಾನ ಓದುವ ಸ್ನೇಹಿತನೊಬ್ಬ ನನ್ನೊಡನೆ ವಾದಿಸಿದ್ದುಂಟು. ಅವನ ವಾದ ಪ್ರಯೋಗಶಾಲೆಯ ನಳಿಕೆಗೆ ಸರಿ. ಕಣ್ಣಿನಲ್ಲಿ ಆ ಕ್ರಿಯೆಯಿಂದ ಹುಟ್ಟುವ ಕಾವೂ ಹುಳಿಯೂ ಸೇರಿ ಎರಡನೆಯ ಗಾಯವಾಗುತ್ತದೆ.

ಆಸ್ಪತ್ರೆಯಲ್ಲಿಯೂ ಇಂಥ ರೋಗಿಯ ದೃಷ್ಟಿಯನ್ನು ಅಳೆಯುವ ಮೊದಲು ತೊಳೆಯುವುದನ್ನೇ ಮುಂದುವರಿಸುತ್ತಾರೆ. ಬಣ್ಣ ಬದಲಿಸುವ ಕಾಗದದ ಚೂರನ್ನು ರೆಪ್ಪೆಯ ಒಳಗೆ ತಾಗಿಸಿ ಕ್ಷಾರ ಇಳಿದಿದೆಯೇ ಎಂದು ನೋಡುತ್ತಾರೆ. ಮೇಲಿನ ರೆಪ್ಪೆಯನ್ನು ಮಗುಚಿ ಅಡಗಿದ ಚೂರುಗಳನ್ನು ತೆಗೆಯುತ್ತಾರೆ. ಇಲ್ಲಿ ಒಂದು ವಿಚಿತ್ರ. ಕಣ್ಣು ಕೆಂಡದಂತೆ ಕೆಂಪಗಾದರೆ ನಾವು ಹೆದರುತ್ತೇವೆ, ವೈದ್ಯರು ಹೆಚ್ಚು ಹೆದರುವುದು ಬೆಳ್ಳಗಾದ ಕಣ್ಣಿಗೆ. ಕಾರ್ನಿಯಾದ ಅಂಚಿನ ರಕ್ತನಾಳಗಳು ಸತ್ತಿವೆಯೆಂಬುದಕ್ಕೆ ಆ ಬಿಳುಪೇ ಗುರುತು. ಕಾರ್ನಿಯಾದ ಹೊರಪದರವನ್ನು ಮತ್ತೆ ಮತ್ತೆ ಹುಟ್ಟಿಸುವ ಮೂಲಕೋಶಗಳು ಆ ಅಂಚಿನಲ್ಲಿಯೇ ನೆಲೆಸಿರುವುವು. ಅವು ಹೋದರೆ ಕಣ್ಣಿನ ಮೇಲೆ ಪೊರೆಯಂತೆ ಮಚ್ಚೆ ಹಬ್ಬುತ್ತದೆ. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು 2012ರಲ್ಲಿ ಇದಕ್ಕೊಂದು ಸರಳ ವಿಧಾನವನ್ನು ಪ್ರಕಟಿಸಿದರು. ರೋಗಿಯ ಇನ್ನೊಂದು ಆರೋಗ್ಯವಾದ ಕಣ್ಣಿನ ಅಂಚಿನಿಂದ ಸಣ್ಣದೊಂದು ತುಣುಕನ್ನು ತೆಗೆದು, ಅದನ್ನು ಹತ್ತಾರು ಚೂರು ಮಾಡಿ, ಹೆರಿಗೆಯ ಮಾಸಿನಿಂದ ಪಡೆದ ತೆಳುಪೊರೆಯ ಮೇಲೆ ಸಸಿ ನೆಟ್ಟಂತೆ ಕೆಟ್ಟ ಕಣ್ಣಿನ ಮೇಲೆ ಇಡುವುದೇ ಆ ವಿಧಾನ. ಬತ್ತದ ನಾಟಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮುಟ್ಟಬಾರದ ಗಾಯ. ಇದು ಎಷ್ಟು ಮೋಸಗೊಳಿಸುವುದೆಂಬುದಕ್ಕೆ ನನ್ನ ಚಿಕ್ಕಪ್ಪನವರ ಕಣ್ಣೇ ಸಾಕ್ಷಿ. ಕಲ್ಲಿನ ಕೆಲಸದಲ್ಲಿ ಸುತ್ತಿಗೆ ಚಾಣದ ತಲೆಗೆ ಬಿದ್ದಾಗ ಏನೋ ಸೊಳ್ಳೆ ಕಡಿದಂತಾಯಿತಂತೆ. ನೀರು ಚಿಮುಕಿಸಿಕೊಂಡರು, ಉಂಡರು, ಸಂಜೆಯವರೆಗೆ ದುಡಿದರು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಕಸವಿದ್ದರೆ ಹೋಗಲೆಂದು ಅಜ್ಜಿ ಬಾಣಂತಿಯೊಬ್ಬರ ಎದೆಹಾಲು ಹಾಕಿಸಿದರು. ಕೆಲವು ತಿಂಗಳ ಮೇಲೆ ರಾತ್ರಿಯ ಹೊತ್ತು ಆ ಕಣ್ಣು ಮಂಕಾಗತೊಡಗಿತು, ಅದರ ಪಾಪೆ ಇನ್ನೊಂದಕ್ಕಿಂತ ಹಿಗ್ಗಿ ನಿಂತಿತು. ಕೊನೆಗೆ ಜಿಲ್ಲಾ ಕೇಂದ್ರದ ಡಾಕ್ಟರರು ಕೇಳಿದ ಮೊದಲ ಮಾತು, “ಯಜಮಾನರೇ, ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಕೆಲಸ ಮಾಡಿದ್ದೀರಾ?” ಎಕ್ಸ್-ರೇಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ ಕಂಡಿತು. ಅಷ್ಟರಲ್ಲಿ ಕಬ್ಬಿಣ ಒಳಗೇ ಕರಗಿ ರೆಟಿನಾಕ್ಕೆ ವಿಷವಾಗಿತ್ತು.

ಬಡಿದು ಬಡಿದು ಅಣಬೆಯಂತೆ ಅರಳಿದ ಚಾಣದ ತಲೆಯಿಂದ ಹಾರುವ ಚೂರು ಬಂದೂಕಿನ ಗುಂಡಿನಂತೆ ನೆಟ್ಟಗೆ ನುಗ್ಗುತ್ತದೆ. ತೂತು ಎಷ್ಟು ಸಣ್ಣದೆಂದರೆ ತಾನೇ ಮುಚ್ಚಿಕೊಂಡುಬಿಡಬಹುದು. ನೋವಿಲ್ಲ, ದೃಷ್ಟಿ ಇದೆ ಎಂಬ ಮಾತ್ರಕ್ಕೆ ಒಳಗೆ ಏನೂ ಇಲ್ಲವೆಂದು ಹೇಳುವಂತಿಲ್ಲ. ಒಳಹೊಕ್ಕ ವಸ್ತು ಯಾವುದೆಂಬುದೂ ಮುಖ್ಯ. ಕಬ್ಬಿಣ ನಿಧಾನವಾಗಿ ತುಕ್ಕಿನ ವಿಷ ಕಾರುತ್ತದೆ. ಶುದ್ಧ ತಾಮ್ರ ಕೂಡಲೆ ಉರಿ ಎಬ್ಬಿಸುತ್ತದೆ. ಗಾಜು ಬಹುಮಟ್ಟಿಗೆ ಸುಮ್ಮನಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರ ಕಣ್ಣುಗಳಲ್ಲಿ ವಿಮಾನದ ಮುಚ್ಚಿಗೆಯ ಅಕ್ರಿಲಿಕ್ ಚೂರುಗಳು ಗಲಾಟೆಯಿಲ್ಲದೆ ಉಳಿದುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಜಾತಿಯ ವಸ್ತುವಿನಿಂದ ಮಸೂರ ಮಾಡಿಸಿ 1949ರ ನವೆಂಬರಿನಲ್ಲಿ ಮನುಷ್ಯನ ಕಣ್ಣಿನಲ್ಲಿ ಇಟ್ಟರು. ನಮ್ಮ ಅಜ್ಜಂದಿರು ಕಣ್ಣಿನ ಪೊರೆ ತೆಗೆಸಿಕೊಂಡು ಬಂದಾಗ ಒಳಗೆ ಕೂರಿಸಿಕೊಂಡು ಬರುವ ಮಸೂರದ ಮೂಲ ಇಂಥ ಯುದ್ಧದ ಗಾಯಗಳಲ್ಲಿದೆಯೆಂಬುದು ಇತಿಹಾಸದ ವಿದ್ಯಾರ್ಥಿಗೆ ರುಚಿಸುವ ಸಂಗತಿ.

ತೆರೆದ ಗಾಯವೆಂಬ ಸಂಶಯ ಬಂದ ಕೂಡಲೆ ವೈದ್ಯರು ರೆಪ್ಪೆಯನ್ನು ಒತ್ತಿ ಬಿಡಿಸುವುದಿಲ್ಲ, ಕಣ್ಣಿನ ಒತ್ತಡವನ್ನು ಅಳೆಯುವುದಿಲ್ಲ. ಮೊದಲು ಪ್ರತಿ ಕಣ್ಣಿನ ದೃಷ್ಟಿಯನ್ನು ಬೇರೆ ಬೇರೆಯಾಗಿ ಬರೆದಿಡುತ್ತಾರೆ. ಹಲಗೆಯ ಅಕ್ಷರ ಕಾಣದಿದ್ದರೆ ಬೆರಳೆಣಿಕೆ, ಅದೂ ಇಲ್ಲದಿದ್ದರೆ ಕೈಯ ಅಲುಗಾಟ, ಕಡೆಗೆ ಬೆಳಕು ಇದೆಯೋ ಇಲ್ಲವೋ. ಮುಂದೆ ಎಷ್ಟು ದೃಷ್ಟಿ ಉಳಿದೀತು ಎಂದು ಊಹಿಸಲು ಈ ಮೊದಲ ಅಳತೆಯಷ್ಟು ನೆರವಾಗುವ ಸಂಗತಿ ಬೇರೊಂದಿಲ್ಲ. ದುಂಡಗಿರಬೇಕಾದ ಪಾಪೆ ಒಂದು ಕಡೆಗೆ ಎಳೆದಂತೆ ಹನಿಯ ಆಕಾರ ತಾಳಿದ್ದರೆ, ಅದರ ಮೊನೆಯ ಕಡೆಯೇ ಗಾಯವಿರುತ್ತದೆ. ದೀಪವನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೊರಳಿಸುತ್ತ ಪಾಪೆ ಕುಗ್ಗುವ ರೀತಿಯನ್ನು ನೋಡಿ ರೆಟಿನಾ ಮತ್ತು ದೃಷ್ಟಿನರದ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣವನ್ನು ಹಚ್ಚಿ ನೀಲಿ ಬೆಳಕಿನಲ್ಲಿ ನೋಡಿದರೆ, ಸಣ್ಣ ತೂತಿನಿಂದ ಒಸರುವ ಒಳನೀರು ಹಸುರು ತೊರೆಯಾಗಿ ಕಾಣುತ್ತದೆ. ಒಳಗಿನ ಚೂರನ್ನು ಹುಡುಕಲು ಸಿ.ಟಿ. ಸ್ಕ್ಯಾನ್ ಉತ್ತಮ. ಕಬ್ಬಿಣದ ಸಂಶಯವಿದ್ದಲ್ಲಿ ಎಂ.ಆರ್.ಐ. ಕೂಡದು, ಆ ಯಂತ್ರದ ಕಾಂತಕ್ಕೆ ಚೂರು ಒಳಗೇ ಚಲಿಸಿ ಇದ್ದ ರೆಟಿನಾವನ್ನೂ ಹರಿದೀತು. ಅದೇ ಕಾಂತವನ್ನು ಹದವರಿತು ಬಳಸಿ ಬರ್ಲಿನ್ನಿನ ಯೂಲಿಯುಸ್ ಹಿರ್ಷ್‌ಬರ್ಗ್ 1879ರಲ್ಲಿಯೇ ವಿದ್ಯುತ್ಕಾಂತದಿಂದ ಕಣ್ಣೊಳಗಿನ ಕಬ್ಬಿಣವನ್ನು ಹೊರಗೆಳೆದಿದ್ದರು.

ಚಿಕಿತ್ಸೆಯ ಮೊದಲ ಗುರಿ ಗೋಡೆಯನ್ನು ಮುಚ್ಚುವುದು. ಸಾಧ್ಯವಾದಷ್ಟೂ 24 ಗಂಟೆಗಳೊಳಗೆ, ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳುವಾದ ನೈಲಾನ್ ಎಳೆಯಿಂದ ಹೊಲಿಯುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದು ಮತ್ತು ಜೀವಾಣುನಾಶಕಗಳನ್ನು ಕೊಡುತ್ತಾರೆ. ಹೊಲದ ಮಣ್ಣು ತಾಗಿದ ಗಾಯದಲ್ಲಿ ಕೆಲವು ಜೀವಾಣುಗಳು ಒಂದೆರಡು ದಿನಗಳಲ್ಲಿಯೇ ಕಣ್ಣನ್ನು ಕರಗಿಸಿಬಿಡಬಲ್ಲವು. ಆಗ ಔಷಧವನ್ನು ಕಣ್ಣಿನೊಳಕ್ಕೇ ಚುಚ್ಚಬೇಕಾಗುತ್ತದೆ. ರಕ್ತ ತುಂಬಿದ ಲೋಳೆಯನ್ನು ತೆಗೆದು ರೆಟಿನಾವನ್ನು ಮತ್ತೆ ಕೂರಿಸುವುದು ಬಹಳ ವೇಳೆ ಎರಡನೆಯ ಶಸ್ತ್ರಕ್ರಿಯೆ. 1970ರ ಸುಮಾರಿನಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಈ ವಿಧಾನವನ್ನು ರೂಪಿಸುವ ಮೊದಲು ಅಂಥ ಕಣ್ಣುಗಳಲ್ಲಿ ಬಹುಪಾಲು ಕೈಬಿಟ್ಟವೇ ಆಗಿದ್ದುವು.

ಆಸ್ಪತ್ರೆ ಮುಟ್ಟುವವರೆಗೆ ನಾವು ಮಾಡಬೇಕಾದುದು ಬಹಳ ಸ್ವಲ್ಪ. ನೆಟ್ಟ ವಸ್ತುವನ್ನು ಕೀಳಬಾರದು. ತೊಳೆಯಬಾರದು, ಮುಲಾಮು ಹಚ್ಚಬಾರದು. ಹತ್ತಿಯಿಟ್ಟು ಬಿಗಿದರೆ ಒಳಗಿನ ಲೋಳೆ ಹೊರಗೆ ಬಂದೀತು. ಕಾಗದದ ಲೋಟದ ತಳವನ್ನು ಕತ್ತರಿಸಿ, ಅದರ ಅಂಚು ಎಲುಬಿನ ಮೇಲೆ ನಿಲ್ಲುವಂತೆ, ಕಣ್ಣಿಗೆ ತಾಗದಂತೆ ಅಂಟಿಸಿದರೆ ಸಾಕು. ಶಸ್ತ್ರಕ್ರಿಯೆಗೆ ಮೈಮರೆಸಬೇಕಾದೀತಾದ್ದರಿಂದ ಕಾಫಿ ತಿಂಡಿ ಕೊಡದಿರುವುದು ಮೇಲು. ಪೆಟ್ಟು ತಿಂದವನಿಗೆ ಮೊದಲು ಏನಾದರೂ ಕುಡಿಸುವ ನಮ್ಮ ಪದ್ಧತಿಗೆ ಇದು ವಿರೋಧ, ಹೇಳಿದರೆ ಹಿರಿಯರು ಸಿಟ್ಟಾಗುತ್ತಾರೆ!

ಮೊಂಡು ಪೆಟ್ಟಿನ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ದೀಪಾವಳಿಯ ರಾತ್ರಿ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡುತ್ತಿದ್ದವರೂ ಇರುತ್ತಾರೆ. ಇಂಥ ಪೆಟ್ಟಿಗೆ ಪಾಪೆಯ ಮುಂದೆ ರಕ್ತ ಸಂಗ್ರಹವಾಗಬಹುದು. ತಲೆಯನ್ನು ಎತ್ತರಿಸಿ ಮಲಗಿಸಿ, ಕಣ್ಣಿನ ಒತ್ತಡವನ್ನು ದಿನವೂ ನೋಡುತ್ತಾರೆ. ಮೊದಲ ಐದಾರು ದಿನಗಳಲ್ಲಿ ಮತ್ತೆ ರಕ್ತ ಒಸರುವ ಭಯವಿರುತ್ತದೆ. ಮಾಸಿದ ಬಳಿಕವೂ ರೆಟಿನಾ ಕಳಚುವುದು, ಎಷ್ಟೋ ವರ್ಷಗಳ ಮೇಲೆ ಒತ್ತಡವೇರುವುದು ಉಂಟು.

ಸುಗ್ಗಿಯಲ್ಲಿ ಬತ್ತದ ಹೊಟ್ಟು, ಕಬ್ಬಿನ ಗರಿ ಕಾರ್ನಿಯಾವನ್ನು ಗೀರಿದರೆ ಅದನ್ನು ಗಾಯವೆಂದು ಯಾರೂ ಎಣಿಸುವುದಿಲ್ಲ. ಆ ಗೀರಿನಲ್ಲಿ ಬೂಷ್ಟು ಬೇರೂರಿದರೆ ಅದೇ ಬಿಳಿಯ ಹುಣ್ಣಾಗುತ್ತದೆ. ನಟಾಮೈಸಿನ್ ಎಂಬ ಔಷಧದಿಂದ ಇದಕ್ಕೆ ವಾರಗಟ್ಟಲೆ ಚಿಕಿತ್ಸೆ ನಡೆಯಬೇಕು. ಔಷಧದ ಅಂಗಡಿಯವನು ಕೊಡುವ ಸ್ಟೀರಾಯ್ಡ್ ಹನಿಯಿಂದ ಕೆಂಪು ಇಳಿದು ಹಿತವೆನಿಸುತ್ತದೆ, ಆದರೆ ಬೂಷ್ಟಿಗೆ ಅದು ಗೊಬ್ಬರವಿದ್ದಂತೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕುವ ನಮ್ಮ ಅಜ್ಜಿಯರನ್ನು ಪಟ್ಟಣದವರು ನಗುವುದನ್ನು ಕೇಳಿದ್ದೇನೆ. ನನಗೆ ನಗು ಬರುವುದಿಲ್ಲ. ಆಸ್ಪತ್ರೆ ದೂರ, ಒಂದು ದಿನದ ಕೂಲಿ ಹೋಗುತ್ತದೆ, ಕೈಗೆ ಸಿಕ್ಕಿದ್ದು ಅದೊಂದೇ. ಆದರೆ ಗಾಯದ ಬಾಯಿಗೆ ಹಾಲೂ ರಸವೂ ರೋಗಾಣುಗಳನ್ನು ಒಯ್ಯುವ ದಾರಿ ಎಂಬುದನ್ನು ಮನೆಯಲ್ಲಿ ಹೇಳಬೇಕಾದವರು ನಾವೇ.

ಕೆಟ್ಟ ಕಣ್ಣಿನ ದೆಸೆಯಿಂದ ಒಳ್ಳೆಯ ಕಣ್ಣೂ ಹೋಗುವುದುಂಟೆ? ಅಪರೂಪವಾದರೂ ಉಂಟು. ಪ್ಯಾರಿಸ್ಸಿನ ಬಳಿಯ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಕುದುರೆಯ ಜೀನು ಹೊಲಿಯುವವನ ಮಗ ಲೂಯಿ ಬ್ರೈಲ್, 1812ರಲ್ಲಿ, ಮೂರು ವರ್ಷದವನಾಗಿದ್ದಾಗ ತಂದೆಯ ದಬ್ಬಳದಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡ. ಎರಡನೆಯ ಕಣ್ಣೂ ಹೋಯಿತು. ಕಣ್ಣೊಳಗಿನ ಪ್ರೋಟೀನುಗಳು ದೇಹದ ರಕ್ಷಣಾಪಡೆಗೆ ಅಪರಿಚಿತವಾಗಿ ಮರೆಯಲ್ಲಿರುತ್ತವೆ. ಗಾಯದಿಂದ ಅವು ಬಯಲಾದಾಗ ಆ ಪಡೆ ಅವನ್ನು ಶತ್ರುವೆಂದು ಬಗೆದು ಎರಡೂ ಕಣ್ಣುಗಳ ಮೇಲೆ ಬೀಳಬಹುದು. ಬ್ರೈಲನಿಗೆ ಆದುದು ಇದೇ ಎಂದು ಅನೇಕ ವೈದ್ಯರ ಊಹೆ. ಈ ಭಯದಿಂದಲೇ ದೃಷ್ಟಿಯ ಆಸೆ ಇಲ್ಲದಂತೆ ಜಜ್ಜಿಹೋದ ಕಣ್ಣನ್ನು ಎರಡು ವಾರಗಳೊಳಗೆ ತೆಗೆದುಬಿಡುವ ಪದ್ಧತಿ ಬಂದಿತು. ಈಗ ರೋಗವನ್ನು ಬೇಗ ಗುರುತಿಸಿದರೆ ಔಷಧದಿಂದ ಹತೋಟಿಗೆ ತರಬಹುದಾದುದರಿಂದ, ಹೊಲಿಯಬಹುದಾದ ಕಣ್ಣನ್ನು ಹೊಲಿದು ಕಾದು ನೋಡುತ್ತಾರೆ. ಗಾಯ ಮಾಸಿತೆಂದು ರೋಗಿ ಆಸ್ಪತ್ರೆಗೆ ಹೋಗುವುದನ್ನು ಬಿಡುವ ಕಾಲವೇ ಇದು ತಲೆಯೆತ್ತುವ ಕಾಲ. ಕೆಲವು ವಾರಗಳಿಂದ ಒಂದು ವರ್ಷದವರೆಗೆ, ಒಳ್ಳೆಯ ಕಣ್ಣಿಗೆ ಬೆಳಕು ಚುಚ್ಚಿದರೂ ಮಂಜು ಕವಿದರೂ ಅದೇ ದಿನ ತೋರಿಸಬೇಕು.

ಚಿಕ್ಕಪ್ಪನವರಿಗೆ ಈ ಎರಡನೆಯ ವಿಪತ್ತು ಬರಲಿಲ್ಲ. ಉಳಿದ ಕಣ್ಣಿನ ದೃಷ್ಟಿ ಸರಿಯಾಗಿದ್ದರೂ ಡಾಕ್ಟರರು ಅವರಿಗೆ ಪಾಲಿಕಾರ್ಬೊನೇಟಿನ ಕನ್ನಡಕ ಬರೆದುಕೊಟ್ಟರು. ಅದರಲ್ಲಿ ಪವರು ಇಲ್ಲ. ಸುಲಭವಾಗಿ ಒಡೆಯದು ಎಂಬುದೊಂದೇ ಅದರ ಗುಣ. ಬಿಸಿಲಿನಲ್ಲಿ ಬೆವರು ಇಳಿದು ಗಾಜು ಮಸುಕಾದಾಗ ಅದನ್ನು ಹಣೆಯ ಮೇಲಕ್ಕೆ ಏರಿಸುವ ಚಟ ಅವರಿಗಿದೆ. ಆಗ ಚಿಕ್ಕಮ್ಮ ಬುತ್ತಿಯ ಗಂಟನ್ನು ಬಿಚ್ಚುವುದೇ ಇಲ್ಲ, ಕನ್ನಡಕ ಮತ್ತೆ ಕಣ್ಣಿಗೆ ಇಳಿಯುವವರೆಗೆ.